ಎಚ್‌ಐವಿ ಇರುವವರಿಗೆ ತಲೆನೋವು ಬಂದಾಗ

ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕೆಲಸ ಮಾಡುವ ನನ್ನಂಥ ವೈದ್ಯರ ಕಿವಿಗೆ ಎರಡು ಮಾತು ಮತ್ತೆ ಮತ್ತೆ ಬೀಳುತ್ತವೆ. ಒಂದು ಮಾತು ರೋಗಿಯದು: "ಮೇಡಂ, ಎರಡು ದಿನದಿಂದ ತಲೆ ನೋಯ್ತಿದೆ. ಕಾಯಿಲೆ ಮೆದುಳಿಗೆ ಹತ್ತಿಬಿಡ್ತಾ?" ಇನ್ನೊಂದು ಮಾತನ್ನು ರೋಗಿ ಆಡುವುದಿಲ್ಲ, ಆಡುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ಕೈಹಿಡಿದು ಕರೆತಂದ ತಾಯಿಯೋ ತಮ್ಮನೋ ಹೇಳುತ್ತಾರೆ: "ಒಂದು ತಿಂಗಳಿಂದ ತಲೆನೋವು ಅಂತಿದ್ದ. ವಾಂತೀನೂ ಇತ್ತು. ಪಿತ್ತ ಇರಬೇಕು ಅಂದ್ಕೊಂಡ್ವಿ."

ಮೊದಲನೆಯವರು ಅಷ್ಟು ಹೆದರಬೇಕಾಗಿರುವುದಿಲ್ಲ. ಎರಡನೆಯವರು ಮೂರು ವಾರ ಮುಂಚೆ ಬಂದಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು. ಇವತ್ತು ಈ ಇಬ್ಬರ ಜೊತೆಗೂ ಮಾತಾಡಬೇಕೆಂದು ಬಂದಿದ್ದೇನೆ. ಅವರ ಮನೆಯವರು, ಊರಿನ ಮೆಡಿಕಲ್ ಅಂಗಡಿಯವರು, ಸಣ್ಣ ಕ್ಲಿನಿಕ್ಕಿನ ವೈದ್ಯರು ಕೇಳಿಸಿಕೊಳ್ಳುತ್ತಿದ್ದರೆ ಅವರಿಗೂ ಈ ಮಾತು ಸೇರಿದ್ದು.

ತಲೆನೋವು ಬರದ ಮನುಷ್ಯರಿಲ್ಲ. ಆದರೆ ಎಚ್‌ಐವಿ ಇರುವವರ ತಲೆನೋವನ್ನು ವೈದ್ಯರು ನೋಡುವ ರೀತಿ ಕಳೆದ ಮೂರೂವರೆ ದಶಕಗಳಲ್ಲಿ ಬಹಳ ಬದಲಾಗಿದೆ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ತಂಡ ಭಾರತದಲ್ಲಿ ಮೊದಲ ಬಾರಿಗೆ ಎಚ್‌ಐವಿಯನ್ನು ಪತ್ತೆ ಮಾಡಿತು. ಅಲ್ಲಿಂದ ಮುಂದಿನ ಹದಿನೈದಿಪ್ಪತ್ತು ವರ್ಷ ನಮ್ಮ ಜನರ ಕೈಗೆಟುಕುವ ಔಷಧಿ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1989ರಿಂದ 1996ರವರೆಗೆ ತಾವು ಕಂಡ ಎಚ್‌ಐವಿ ರೋಗಿಗಳ ನರಸಂಬಂಧಿ ತೊಂದರೆಗಳನ್ನು ದಾಖಲಿಸಿದ್ದಾರೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮೆದುಳಿನ ಪೊರೆಗೆ ಹತ್ತುವ ಒಂದು ಶಿಲೀಂಧ್ರದ ಸೋಂಕು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಆ ಕಾಲದಲ್ಲಿ ಎಚ್‌ಐವಿ ರೋಗಿಯೊಬ್ಬರು ತಲೆನೋವು ಎಂದರೆ ವೈದ್ಯರ ಎದೆ ಧಸಕ್ಕೆನ್ನುತ್ತಿತ್ತು.

2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗಳನ್ನು ಉಚಿತವಾಗಿ ಕೊಡಲು ಶುರುಮಾಡಿತು. ಮೊದಲು ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರಿಂದೀಚೆಗೆ, ಮೈಯ ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಗುಳಿಗೆ ಕೊಡುತ್ತೇವೆ. ದೇಶದಲ್ಲಿ ಇಂದು ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಆ ಸಂಖ್ಯೆ ಹೆಚ್ಚಿರುವ ಮೊದಲ ಮೂರು ರಾಜ್ಯಗಳಲ್ಲಿ ನಮ್ಮದೂ ಸೇರಿದೆ. ಇವರಲ್ಲಿ ದಿನಾ ಗುಳಿಗೆ ನುಂಗಿ, ಹೊಲಕ್ಕೆ ಹೋಗಿ, ಗಾರ್ಮೆಂಟ್ಸ್‌ಗೆ ಹೋಗಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಾಡಿಸುತ್ತಿರುವವರು ಬಹಳ ಮಂದಿ. ಅವರಿಗೆ ಬರುವ ತಲೆನೋವು ಬಹುಪಾಲು ನಿಮಗೂ ನನಗೂ ಬರುವ ತಲೆನೋವೇ.

ಇದು ಬರಿಯ ಸಮಾಧಾನದ ಮಾತಲ್ಲ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ 200 ಮಂದಿ ಎಚ್‌ಐವಿ ರೋಗಿಗಳನ್ನು ವಿಚಾರಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ತಮಗೆ ತಲೆನೋವಿನ ಕಾಟ ಇದೆ ಎಂದರು. ಅವರಲ್ಲಿ ಹೆಚ್ಚಿನವರ ತಲೆನೋವು ಮೈಗ್ರೇನ್, ಅಂದರೆ ನಾವು ಅರೆತಲೆನೋವು ಎನ್ನುವ ಬಗೆಯದು. ಮೆದುಳಿನ ಸೋಂಕಿನಿಂದ ತಲೆನೋವು ಬಂದಿದ್ದವರು ಒಬ್ಬರು ಮಾತ್ರ. ಆ ಅಧ್ಯಯನದ ಇನ್ನೊಂದು ಮಾತನ್ನೂ ಮರೆಯಬಾರದು. ಸಿಡಿ4 ಕಡಿಮೆ ಇದ್ದವರಿಗೆ ತಲೆನೋವು ಹೆಚ್ಚು ಜೋರಾಗಿ, ಹೆಚ್ಚು ಸಲ ಬರುತ್ತಿತ್ತು. ಸೋಂಕು ತಗಲಿ ಎಷ್ಟು ವರ್ಷವಾಯಿತು ಎಂಬುದಕ್ಕೂ ತಲೆನೋವಿಗೂ ಅಂಥ ಸಂಬಂಧ ಕಾಣಲಿಲ್ಲ. ಹತ್ತು ವರ್ಷ ಹಳೆಯ ಸೋಂಕಾದರೂ ಸಿಡಿ4 ಚೆನ್ನಾಗಿದ್ದರೆ ತಲೆ ಹಗುರವಾಗಿರಬಹುದು ಎಂದು ಇದರ ಅರ್ಥ.

ಸಿಡಿ4 ಎಂದರೆ ರಕ್ತದಲ್ಲಿರುವ ಒಂದು ಜಾತಿಯ ಬಿಳಿ ಕಣ. ಎಚ್‌ಐವಿ ಹಾಳುಮಾಡುವುದು ಇದನ್ನೇ. ಆರೋಗ್ಯವಂತರಲ್ಲಿ ಇದು 500ರ ಮೇಲಿರುತ್ತದೆ. 200ಕ್ಕಿಂತ ಕೆಳಗಿಳಿದರೆ ಮೈ ತನ್ನನ್ನು ಕಾಯ್ದುಕೊಳ್ಳುವ ಶಕ್ತಿ ಕುಗ್ಗಿದೆ ಎಂದು ತಿಳಿಯುತ್ತೇವೆ. 100ಕ್ಕಿಂತ ಕೆಳಗೆ ಹೋದರೆ ಸಣ್ಣ ತಲೆನೋವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಎಚ್‌ಐವಿ ಇರುವವರು ತಲೆನೋವು ಎಂದಾಗ ನಾನು ಎಡಗಡೆಯೋ ಬಲಗಡೆಯೋ ಎಂದು ಕೇಳುವ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ: ಕಳೆದ ಸಲ ಸಿಡಿ4 ಎಷ್ಟಿತ್ತು? ಗುಳಿಗೆ ಬಿಡದೆ ನುಂಗುತ್ತಿದ್ದೀರಾ? ನಿಮ್ಮ ಹಸಿರು ಪುಸ್ತಕದಲ್ಲೋ ಚೀಟಿಯಲ್ಲೋ ಬರೆದಿರುವ ಆ ಸಂಖ್ಯೆ ನಿಮಗೆ ಬಾಯಿಪಾಠ ಇರಬೇಕು. ಬಿಪಿ, ಶುಗರ್ ಎಷ್ಟಿದೆ ಎಂದು ಹೇಳಲು ಕಲಿತಿರುವ ನಮ್ಮ ಜನರಿಗೆ ಇದು ಕಷ್ಟವಲ್ಲ.

ಗುಳಿಗೆ ಸರಿಯಾಗಿ ನುಂಗುತ್ತಿದ್ದು, ಸಿಡಿ4 ಚೆನ್ನಾಗಿದ್ದು, ತಿಂಗಳಿಗೆ ಎರಡು ಮೂರು ಸಲ ತಲೆಯ ಒಂದು ಪಕ್ಕ ಸಿಡಿಯುತ್ತಿದ್ದರೆ ಅದು ಅರೆತಲೆನೋವು ಇದ್ದೀತು. ಬೆಳಕು ಕಂಡರೆ ಆಗುವುದಿಲ್ಲ, ಮಿಕ್ಸರ್ ಸದ್ದು ತಲೆಗೆ ಹೊಡೆಯುತ್ತದೆ, ಹೊಟ್ಟೆ ತೊಳಸುತ್ತದೆ, ಕತ್ತಲ ಕೋಣೆಯಲ್ಲಿ ಮಲಗಿ ಎದ್ದರೆ ಇಳಿಯುತ್ತದೆ. ನಿದ್ದೆಗೆಟ್ಟರೆ, ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ, ಮುಟ್ಟಿನ ದಿನಗಳಲ್ಲಿ, ಬಿಸಿಲಲ್ಲಿ ನಿಂತರೆ ಏರುತ್ತದೆ. ಇದಕ್ಕೆ ಒಳ್ಳೆಯ ಔಷಧಿಗಳಿವೆ. ಪದೇಪದೇ ಬರುವವರಿಗೆ ಬರದಂತೆ ತಡೆಯುವ ಗುಳಿಗೆಗಳೂ ಇವೆ. ಇನ್ನು ಕೆಲವರಿಗೆ ತಲೆಯ ಸುತ್ತ ಪಟ್ಟಿ ಬಿಗಿದ ಹಾಗೆ ನೋವು, ಸಂಜೆಯಾಗುತ್ತ ಹೆಚ್ಚಾಗುತ್ತದೆ. ಅದರ ಹಿಂದೆ ಚಿಂತೆ ಇರುತ್ತದೆ. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಗುಳಿಗೆ ಡಬ್ಬಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ನುಂಗುವ ಹೆಣ್ಣುಮಗಳಿಗೆ ತಲೆನೋವು ಬರದೆ ಇರುತ್ತದೆಯೇ? ಅಂಥವರನ್ನು ಆಪ್ತಸಮಾಲೋಚಕರ ಹತ್ತಿರ ಕೂರಿಸಿ ಅರ್ಧ ಗಂಟೆ ಮಾತಾಡಿಸಿದರೆ ಗುಳಿಗೆಗಿಂತ ಹೆಚ್ಚು ಗುಣ ಕಾಣುವುದುಂಟು. ಮೂಗಿನ ಪಕ್ಕದ ಸೈನಸ್, ನಲವತ್ತು ದಾಟಿದವರ ಕಣ್ಣಿನ ಪವರ್, ಏರಿದ ಬಿಪಿ, ಇಳಿದ ರಕ್ತ, ಇವೂ ಕಾರಣವಾಗಬಹುದು; ಇವನ್ನು ನೋಡಿಸಿಕೊಳ್ಳುವುದು ಸುಲಭ.

ಈಗ ಮೆಡಿಕಲ್ ಅಂಗಡಿಯ ವಿಷಯ. ತಲೆನೋವು ಬಂದ ಕೂಡಲೇ ನಾವೆಲ್ಲ ಹೋಗುವುದು ಅಲ್ಲಿಗೇ. ಎಚ್‌ಐವಿ ಇರುವವರು ಅಲ್ಲಿ ತಮ್ಮ ಕಾಯಿಲೆ ಹೇಳುವುದಿಲ್ಲ. ಪರಿಚಯದ ಅಂಗಡಿ, ಪಕ್ಕದಲ್ಲೇ ಊರಿನವರು ನಿಂತಿರುತ್ತಾರೆ, ಹೇಗೆ ಹೇಳಿಯಾರು? ಆದರೆ ಕೆಲವು ತಲೆನೋವಿನ ಗುಳಿಗೆಗಳು ಎಚ್‌ಐವಿ ಗುಳಿಗೆಗಳ ಜೊತೆ ಸೇರಿದರೆ ಅಪಾಯ. ಮುಖ್ಯವಾದದ್ದು ಎರ್ಗೊಟಮೈನ್. ಅರೆತಲೆನೋವಿಗೆಂದು ಮಾರುವ ಕೆಲವು ಗುಳಿಗೆಗಳಲ್ಲಿ ಇದು ಇರುತ್ತದೆ. ಮೊದಲ ಗುಳಿಗೆ ಫಲಿಸದಾಗ ಕೊಡುವ ಎರಡನೇ ಸಾಲಿನ ಎಚ್‌ಐವಿ ಚಿಕಿತ್ಸೆಯಲ್ಲಿ ಅಟಾಜನವಿರ್, ಲೊಪಿನವಿರ್, ದರುನವಿರ್ ಇಂಥವುಗಳ ಜೊತೆ ರಿಟೊನವಿರ್ ಎಂಬ ಔಷಧಿಯನ್ನು ಸೇರಿಸಿ ಕೊಡುತ್ತೇವೆ. ರಿಟೊನವಿರ್ ಯಕೃತ್ತಿನ ಔಷಧಿ ಕರಗಿಸುವ ಕೆಲಸವನ್ನು ತಡೆಯುವುದರಿಂದ ಎರ್ಗೊಟಮೈನ್ ಕರಗಿ ಹೋಗದೆ ರಕ್ತದಲ್ಲಿ ಏರುತ್ತ ಹೋಗುತ್ತದೆ. ಆಗ ಕೈಕಾಲಿನ ರಕ್ತನಾಳಗಳು ಹಿಂಡಿದಂತೆ ಕಿರಿದಾಗುತ್ತವೆ. ಬೆರಳು ತಣ್ಣಗಾಗಿ, ನೀಲಿಯಾಗಿ, ಕೊನೆಗೆ ಕಪ್ಪಾಗಿ ಕತ್ತರಿಸಬೇಕಾದ ಸ್ಥಿತಿ ಬರಬಹುದು. ತಲೆನೋವಿನ ಒಂದೆರಡು ಗುಳಿಗೆಗೆ ಇಷ್ಟು ದೊಡ್ಡ ಬೆಲೆ! ಎರಡನೇ ಸಾಲಿನ ಗುಳಿಗೆ ತೆಗೆದುಕೊಳ್ಳುವವರು ಎರ್ಗೊಟಮೈನ್ ಇರುವ ಯಾವುದನ್ನೂ ಮುಟ್ಟಬಾರದು. ಅಂಗಡಿಯಲ್ಲಿ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. "ಇದರಲ್ಲಿ ಎರ್ಗೊಟಮೈನ್ ಇದೆಯಾ? ನನಗೆ ಅದು ಆಗೋದಿಲ್ಲ" ಎಂದರೆ ಸಾಕು.

ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ, ಇಂಜೆಕ್ಷನ್ನುಗಳ ವಿಷಯದಲ್ಲೂ ಎಚ್ಚರ ಬೇಕು. ಈಗ ನಮ್ಮಲ್ಲಿ ಬಹುಪಾಲು ಜನ ತೆಗೆದುಕೊಳ್ಳುವ ಮೂರು ಔಷಧಿಗಳ ಒಂದೇ ಗುಳಿಗೆಯಲ್ಲಿ ಟೆನೊಫೊವಿರ್ ಇದೆ. ಟೆನೊಫೊವಿರ್ ಮತ್ತು ಡೈಕ್ಲೊಫೆನಾಕ್ ಎರಡೂ ಮೂತ್ರಪಿಂಡದ ಮೇಲೆ ಭಾರ ಹಾಕುವಂಥವು. ಎಂದೋ ಒಂದು ದಿನ ಪರವಾಗಿಲ್ಲ. ವಾರಗಟ್ಟಲೆ ದಿನಾ ನುಂಗಿದರೆ ಕಿಡ್ನಿಗೆ ಪೆಟ್ಟು. ಸಾಧಾರಣ ತಲೆನೋವಿಗೆ ಪ್ಯಾರಾಸಿಟಮಾಲ್ ಬಹುತೇಕರಿಗೆ ಸಾಕು. ಕಾಮಾಲೆ ಇರುವವರು, ಕುಡಿಯುವವರು ಅದನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಯಾವ ನೋವಿನ ಗುಳಿಗೆಯೇ ಆಗಲಿ, ತಿಂಗಳಿನಲ್ಲಿ ಹತ್ತು ಹದಿನೈದು ದಿನ ನುಂಗತೊಡಗಿದರೆ ಆ ಗುಳಿಗೆಯೇ ತಲೆನೋವು ತರಿಸುತ್ತದೆ. ಇನ್ನೂ ಒಂದು ಮಾತು: ಎಚ್‌ಐವಿ ಔಷಧಿಯಾದ ಡೊಲುಟೆಗ್ರವಿರ್ ಇರುವ ಗುಳಿಗೆಯ ಜೊತೆಜೊತೆಗೆ ಗ್ಯಾಸ್ಟ್ರಿಕ್‌ಗೆಂದು ಆಂಟಾಸಿಡ್ ತೆಗೆದುಕೊಂಡರೆ ಗುಳಿಗೆ ಮೈಗೆ ಹತ್ತುವುದಿಲ್ಲ. ಎಚ್‌ಐವಿ ಗುಳಿಗೆ ನುಂಗಿ ಎರಡು ಗಂಟೆ ಬಿಟ್ಟು ಆಂಟಾಸಿಡ್ ತೆಗೆದುಕೊಳ್ಳಿ, ಇಲ್ಲವೇ ಆಂಟಾಸಿಡ್ ಆದಮೇಲೆ ಆರು ಗಂಟೆ ಬಿಡಿ.

ಹೊಸದಾಗಿ ಎಆರ್‌ಟಿ ಶುರುಮಾಡಿದವರಿಗೆ ಮೊದಲ ಕೆಲವು ವಾರ ತಲೆನೋವು, ತಲೆಸುತ್ತು, ನಿದ್ದೆ ಬಾರದಿರುವುದು ಇರಬಹುದು. ಹಿಂದೆ ಜಿಡೊವುಡಿನ್, ಎಫಾವಿರೆಂಜ್ ಕೊಡುತ್ತಿದ್ದಾಗ ಇದು ಹೆಚ್ಚಿತ್ತು. ಈಗಿನ ಗುಳಿಗೆಯಲ್ಲೂ ಕೆಲವರಿಗೆ ಆಗುತ್ತದೆ, ತಾನಾಗಿಯೇ ಇಳಿಯುತ್ತದೆ. ಅದಕ್ಕೆ ಹೆದರಿ ಗುಳಿಗೆ ನಿಲ್ಲಿಸಬೇಡಿ. ಕೇಂದ್ರಕ್ಕೆ ಬಂದು ಹೇಳಿ, ನುಂಗುವ ಹೊತ್ತು ಬದಲಿಸಿದರೂ ಸಾಕಾಗಬಹುದು.

ಆದರೆ ಸಿಡಿ4 ತೀರ ಇಳಿದಿದ್ದವರು ಗುಳಿಗೆ ಶುರುಮಾಡಿದ ಮೊದಲ ಎರಡು ಮೂರು ತಿಂಗಳಲ್ಲಿ ಜ್ವರದೊಂದಿಗೆ ಜೋರು ತಲೆನೋವು ಬಂದರೆ ಅದನ್ನು ಗುಳಿಗೆಯ ತೊಂದರೆ ಎಂದು ಬಗೆದು ಮನೆಯಲ್ಲಿ ಕೂರಬಾರದು. ಒಳಗೆ ಅಡಗಿ ಕೂತಿದ್ದ ಸೋಂಕನ್ನು ಮೈ ಈಗ ಗುರುತಿಸಿ ಎದುರಿಸತೊಡಗಿರುತ್ತದೆ. ಆ ಕಾದಾಟವೇ ಮೆದುಳಿನಲ್ಲಿ ಊತ ತರಬಹುದು. ಅದು ಆಸ್ಪತ್ರೆಯ ಕೆಲಸ.

ಇನ್ನು ಆ ಶಿಲೀಂಧ್ರಕ್ಕೆ ಬರೋಣ. ಅದರ ಹೆಸರು ಕ್ರಿಪ್ಟೊಕಾಕಸ್. ಪಾರಿವಾಳದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ, ಮರದ ಪೊಟರೆಯಲ್ಲಿ ಇರುತ್ತದೆ. ಗಾಳಿಯೊಂದಿಗೆ ಶ್ವಾಸಕೋಶಕ್ಕೆ ಹೋಗುತ್ತದೆ. ನಾವೆಲ್ಲರೂ ಬದುಕಿನಲ್ಲಿ ಎಂದಾದರೂ ಅದನ್ನು ಉಸಿರಿನಲ್ಲಿ ಎಳೆದುಕೊಂಡಿರಬಹುದು, ಮೈ ಅದನ್ನು ಅಡಗಿಸಿಡುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ರೋಗಿಯ ಜೊತೆ ಕೂತು ಉಣ್ಣಲು, ಹಾಸಿಗೆಯ ಪಕ್ಕ ಮಲಗಲು ಯಾವ ಭಯವೂ ಬೇಡ. ಸಿಡಿ4 ನೂರಕ್ಕಿಂತ ಕೆಳಗಿಳಿದಾಗ ಅದು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೆದುಳಿನ ಪೊರೆಗೆ ಹೋಗುತ್ತದೆ. ಪ್ರಪಂಚದಲ್ಲಿ 2020ರಲ್ಲಿ ಎಚ್‌ಐವಿ ಇರುವ ಸುಮಾರು 1,52,000 ಜನರಿಗೆ ಈ ಮೆದುಳು ಪೊರೆಯ ಸೋಂಕು ಬಂದಿರಬೇಕು, ಸುಮಾರು 1,12,000 ಜನ ಸತ್ತಿರಬೇಕು ಎಂದು ತಜ್ಞರು ಅಂದಾಜು ಮಾಡಿದ್ದಾರೆ. ಏಡ್ಸ್‌ನಿಂದ ಸಾಯುವ ಐವರಲ್ಲಿ ಹತ್ತಿರಹತ್ತಿರ ಒಬ್ಬರು ಈ ಒಂದು ಶಿಲೀಂಧ್ರದಿಂದ ಸಾಯುತ್ತಾರೆ. ಅವರಲ್ಲಿ ಬಹಳ ಮಂದಿ ಮನೆಯಲ್ಲಿ ಮೊದಲು ಆಡಿದ ಮಾತು "ಯಾಕೋ ತಲೆನೋವು" ಎಂದೇ ಇದ್ದೀತು.

ಈ ತಲೆನೋವಿನ ನಡೆ ಬೇರೆ. ಅರೆತಲೆನೋವಿನ ಹಾಗೆ ಬಂದು ಹೋಗುವುದಿಲ್ಲ. ಮೊದಲ ವಾರ ಸಣ್ಣಗೆ, ಎರಡನೇ ವಾರ ಎಡೆಬಿಡದೆ, ಮೂರನೇ ವಾರ ನಿದ್ದೆಯಿಂದ ಎಬ್ಬಿಸುವಷ್ಟು. ಬೆಳಗಿನ ಹೊತ್ತು ಜಾಸ್ತಿ, ಬಗ್ಗಿದರೆ ಕೆಮ್ಮಿದರೆ ಜಾಸ್ತಿ. ಅನ್ನ ಮುಟ್ಟದೆಯೂ ವಾಂತಿ. ಜ್ವರ ಇರಬಹುದು, ಇಲ್ಲದಿರಬಹುದು. ಕತ್ತು ಬಿಗಿಯುವುದೂ ಹಾಗೇ. ಎಚ್‌ಐವಿ ಇರುವವರಲ್ಲಿ ಕತ್ತು ಬಿಗಿಯಲೇಬೇಕೆಂದಿಲ್ಲ. ಆಮೇಲೆ ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಕಣ್ಣು ಓರೆಯಾಗುತ್ತದೆ, ದೃಷ್ಟಿ ಮಬ್ಬಾಗುತ್ತದೆ, ಕಿವಿ ಮಂದವಾಗುತ್ತದೆ. ಕೊನೆಕೊನೆಗೆ ಮಾತು ತಪ್ಪುತ್ತದೆ. ಮನೆಯವರ ಗುರುತು ಹತ್ತುವುದಿಲ್ಲ, ಸುಮ್ಮನೆ ನಗುತ್ತಾರೆ, ಕಾರಣವಿಲ್ಲದೆ ರೇಗುತ್ತಾರೆ.

ನಮ್ಮ ಮನೆಗಳಲ್ಲಿ ಈ ಒಂದೊಂದು ಹಂತಕ್ಕೂ ಒಂದೊಂದು ಮದ್ದು ಇದೆ. ಸಣ್ಣ ತಲೆನೋವಿಗೆ ಹಣೆಗೆ ಬಾಮು, ಶುಂಠಿ ತೇಯ್ದು ಪಟ್ಟು. ವಾಂತಿಯಾದರೆ ಪಿತ್ತ, ನಿಂಬೆಹಣ್ಣಿನ ಪಾನಕ. ನೋವು ಇಳಿಯದಿದ್ದರೆ ತಲೆಗೆ ಬಟ್ಟೆ ಬಿಗಿದು ಕಟ್ಟುವುದು. ಮಾತು ತಪ್ಪಿತೆಂದರೆ ಗಾಳಿ ಸೋಕಿದೆ ಎಂದು ತಾಯಿತ, ದೃಷ್ಟಿ ತೆಗೆಯುವುದು, ಅಮಾವಾಸ್ಯೆಗೆ ಗುಡಿಗೆ ಕರೆದೊಯ್ಯುವುದು. ಇವೆಲ್ಲ ಮಾಡುವವರು ರೋಗಿಯ ಮೇಲೆ ಪ್ರೀತಿ ಇರುವವರೇ. ರಾತ್ರಿಯೆಲ್ಲ ತಲೆ ಒತ್ತುತ್ತ ಕೂರುವ ತಾಯಂದಿರನ್ನು ನಾನು ಬಲ್ಲೆ. ಆದರೆ ಒಂದೊಂದು ಮದ್ದಿಗೂ ಒಂದೊಂದು ವಾರ ಕಳೆದುಹೋಗುತ್ತದೆ. ಪ್ರಜ್ಞೆ ತಪ್ಪಿದ ಮೇಲೆ ಆಸ್ಪತ್ರೆಗೆ ಬಂದವರಿಗಿಂತ ಪ್ರಜ್ಞೆ ಇರುವಾಗಲೇ ಬಂದವರು ಉಳಿಯುವ ಸಾಧ್ಯತೆ ಎಷ್ಟೋ ಹೆಚ್ಚು. ಬಾಮು ಹಚ್ಚಿ, ಬೇಡವೆನ್ನುವುದಿಲ್ಲ; ಹಚ್ಚಿಕೊಂಡೇ ಬಸ್ಸು ಹತ್ತಿಸಿ.

ಪತ್ತೆ ಮಾಡುವುದು ಈಗ ಕಷ್ಟವಲ್ಲ. ಬೆರಳ ತುದಿಯ ಒಂದು ಹನಿ ರಕ್ತದಿಂದ ಹತ್ತೇ ನಿಮಿಷದಲ್ಲಿ ತಿಳಿಯುವ ಪಟ್ಟಿ ಪರೀಕ್ಷೆ ಇದೆ. ಈ ಶಿಲೀಂಧ್ರದ ಗುರುತು ತಲೆನೋವು ಶುರುವಾಗುವುದಕ್ಕೆ ವಾರಗಳ ಮುಂಚೆಯೇ ರಕ್ತದಲ್ಲಿ ಕಾಣಿಸುತ್ತದೆ. ಆಗಲೇ ಕಂಡುಹಿಡಿದರೆ ಫ್ಲುಕೊನಜೋಲ್ ಗುಳಿಗೆಯಿಂದಲೇ ಮೆದುಳಿಗೆ ಹೋಗದಂತೆ ತಡೆಯಬಹುದು. ಸಿಡಿ4 100ಕ್ಕಿಂತ ಕಡಿಮೆ ಇರುವವರಿಗೆ ಎಆರ್‌ಟಿ ಶುರುಮಾಡುವ ಮುಂಚೆ ಈ ಪರೀಕ್ಷೆ ಮಾಡಬೇಕು, 200ಕ್ಕಿಂತ ಕಡಿಮೆ ಇರುವವರಿಗೂ ಮಾಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಸಿಡಿ4 ಕಡಿಮೆ ಇದ್ದರೆ "ಕ್ರಿಪ್ಟೊಕಾಕಸ್ ಪರೀಕ್ಷೆ ಆಗಿದೆಯೇ?" ಎಂದು ವೈದ್ಯರನ್ನು ನೀವೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ತಲೆನೋವು ಶುರುವಾಗಿಬಿಟ್ಟಿದ್ದರೆ ಬೆನ್ನಿನ ನೀರು ತೆಗೆದು ನೋಡಬೇಕಾಗುತ್ತದೆ. ಇಲ್ಲಿಗೆ ಬಂದಾಗ ಎಲ್ಲವೂ ನಿಂತುಹೋಗುತ್ತದೆ. "ಬೆನ್ನಾಗ ಸೂಜಿ ಹಾಕಿಸಿದ್ರ ಕಾಲು ಹೋಗ್ತಾವಂತಲ್ರೀ ಡಾಕ್ಟ್ರ? ನಮ್ಮ ಊರಾಗ ಒಬ್ಬರಿಗೆ ಹಂಗಾ ಆತು" ಎನ್ನುತ್ತಾರೆ. ವಾರ್ಡಿನಿಂದ ರಾತ್ರೋರಾತ್ರಿ ರೋಗಿಯನ್ನು ಎತ್ತಿಕೊಂಡು ಊರಿಗೆ ಹೋಗಿಬಿಡುವ ಮನೆಯವರಿದ್ದಾರೆ. ಅದಕ್ಕಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೆದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿನೀರಿನಂಥ ದ್ರವ ಇರುತ್ತದೆ. ದಿನವೂ ಹೊಸದಾಗಿ ಹುಟ್ಟುತ್ತದೆ, ಹಳೆಯದು ಸಣ್ಣ ಸಣ್ಣ ದಾರಿಗಳಲ್ಲಿ ರಕ್ತಕ್ಕೆ ಸೇರಿಹೋಗುತ್ತದೆ. ಕ್ರಿಪ್ಟೊಕಾಕಸ್‌ಗೆ ಮೈತುಂಬ ದಪ್ಪನೆಯ ಲೋಳೆಯ ಕವಚ. ಬಚ್ಚಲ ಕಿಂಡಿಗೆ ಲೋಳೆ ಕಟ್ಟಿದರೆ ನೀರು ಹಿಂದಕ್ಕೆ ತುಂಬಿಕೊಳ್ಳುವಂತೆ ಈ ಲೋಳೆ ಆ ದಾರಿಗಳಿಗೆ ಅಡ್ಡ ಕೂತು ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಆ ತಲೆನೋವು, ಆ ವಾಂತಿ, ಆ ಓರೆಗಣ್ಣು ಎಲ್ಲವೂ ಒತ್ತಡದ ಫಲ. ಸಾಮಾನ್ಯವಾಗಿ ಈ ದ್ರವದ ಒತ್ತಡ ನೀರಿನ ಮಟ್ಟದ ಅಳತೆಯಲ್ಲಿ 20 ಸೆಂಟಿಮೀಟರಿನೊಳಗೆ ಇರುತ್ತದೆ. ಈ ರೋಗದಲ್ಲಿ 25 ದಾಟುವುದು ಮಾಮೂಲು, 40-50 ಮುಟ್ಟುವುದೂ ಉಂಟು. ಬೆನ್ನಿನ ನೀರು ತೆಗೆದರೆ ಆ ಒತ್ತಡ ಇಳಿಯುತ್ತದೆ. ಹಾಗಾಗಿ ಇದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಹಾಸಿಗೆ ಮೇಲೆ ತಲೆ ಹಿಡಿದುಕೊಂಡು ನರಳುತ್ತಿದ್ದವರು 20-30 ಮಿಲಿಲೀಟರ್ ನೀರು ತೆಗೆದ ಕೆಲವೇ ಹೊತ್ತಿನಲ್ಲಿ "ಹಗುರಾತು" ಎಂದು ಹೇಳುವುದನ್ನು ಈ ಕೆಲಸ ಮಾಡುವ ಯಾವ ವೈದ್ಯರೂ ಮರೆಯಲಾರರು. ಬೇಕಾದರೆ ಮತ್ತೆ ಮತ್ತೆ, ದಿನವೂ ತೆಗೆಯಬೇಕಾಗುತ್ತದೆ. 1891ರಲ್ಲಿ ಜರ್ಮನಿಯ ಹೈನ್ರಿಕ್ ಕ್ವಿಂಕೆ ಎಂಬ ವೈದ್ಯರು ಈ ವಿಧಾನವನ್ನು ಜಾರಿಗೆ ತಂದದ್ದೇ ತಲೆಯೊಳಗಿನ ಒತ್ತಡ ಇಳಿಸಲೆಂದು.

ಕಾಲು ಹೋಗುತ್ತದೆಯೇ? ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ದ್ರವ ಮತ್ತು ಅದರಲ್ಲಿ ತೇಲುವ ನರದ ಎಳೆಗಳು. ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ. ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಇಂಜೆಕ್ಷನ್ ಕೊಡುವುದು ಕೂಡ ಇದೇ ಜಾಗದಲ್ಲಿ. ನಿಮ್ಮ ಮನೆಯಲ್ಲೇ ಎಷ್ಟು ಹೆಣ್ಣುಮಕ್ಕಳು ಆ ಸೂಜಿ ಹಾಕಿಸಿಕೊಂಡು ಎದ್ದು ಓಡಾಡುತ್ತಿದ್ದಾರೆ ನೋಡಿ. ಸೂಜಿ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಸೊಂಟ ನೋವು, ಕೂತಾಗ ತಲೆನೋವು ಬರಬಹುದು, ಮಲಗಿದರೆ ಇಳಿಯುತ್ತದೆ. ಊರಿನಲ್ಲಿ ಯಾರಿಗೋ ಕಾಲು ಹೋಯಿತು ಎಂದರೆ, ಅವರಿಗೆ ಸೂಜಿ ಹಾಕಿಸಬೇಕಾದಂಥ ಕಾಯಿಲೆಯೇ ಕಾಲನ್ನೂ ಹಿಡಿದಿರುವುದು ಹೆಚ್ಚು. ಸೂಜಿ ಹಾಕುವ ಮುಂಚೆ ಕೆಲವರಿಗೆ ತಲೆಯ ಸ್ಕ್ಯಾನ್ ಬೇಕಾಗುತ್ತದೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ. ದಯವಿಟ್ಟು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ಬೇಡವೆಂದು ಹೇಳುವ ಮುಂಚೆ ಈ ಮಾತು ಒಮ್ಮೆ ನೆನೆಯಿರಿ.

ಬೆನ್ನಿನಿಂದ ತೆಗೆದ ನೀರನ್ನು ಕಪ್ಪು ಶಾಯಿಯೊಂದಿಗೆ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪಿನ ನಡುವೆ ಬೆಳ್ಳನೆ ಬಳೆ ತೊಟ್ಟ ದುಂಡು ಕಣಗಳು ಕಾಣುತ್ತವೆ. ಚಿಕಿತ್ಸೆಗೆ ಆಂಫೊಟೆರಿಸಿನ್ ಇಂಜೆಕ್ಷನ್, ಫ್ಲುಸೈಟೊಸಿನ್, ಫ್ಲುಕೊನಜೋಲ್ ಇವೆ. ಹಿಂದೆ ಎರಡು ವಾರ ದಿನವೂ ಆಂಫೊಟೆರಿಸಿನ್ ಕೊಡುತ್ತಿದ್ದಾಗ ಚಳಿ ನಡುಕ, ರಕ್ತ ಇಳಿಯುವುದು, ಕಿಡ್ನಿಯ ತೊಂದರೆ ರೋಗಿಗಳನ್ನು ಹಣ್ಣುಮಾಡುತ್ತಿತ್ತು. ಆಫ್ರಿಕಾದ ಐದು ದೇಶಗಳಲ್ಲಿ, ಬೋಟ್ಸ್‌ವಾನಾ, ಮಲಾವಿ, ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳಲ್ಲಿ, 800ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ 2022ರಲ್ಲಿ ಬಂತು. ಲೈಪೊಸೋಮಲ್ ಆಂಫೊಟೆರಿಸಿನ್ ಅನ್ನು ಒಂದೇ ಒಂದು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಜೊತೆಗೆ ಎರಡು ವಾರ ಉಳಿದೆರಡು ಔಷಧಿ ಬಾಯಿಯಲ್ಲಿ ಕೊಟ್ಟರೂ ಅಷ್ಟೇ ಗುಣ, ತೊಂದರೆ ಮಾತ್ರ ಕಡಿಮೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿಕೊಂಡಿತು. ಬಡವರು ಹೆಚ್ಚಿರುವ ಕಡೆಯೇ ಎಲ್ಲರಿಗೂ ಒಳ್ಳೆಯದಾಗುವ ಚಿಕಿತ್ಸೆಯನ್ನು ಕಂಡುಕೊಂಡರು ಎಂಬುದು ನನಗೆ ಬಹಳ ಹೆಮ್ಮೆ ತರುವ ಸಂಗತಿ. ಆದರೂ ಇದ್ದದ್ದನ್ನು ಹೇಳಬೇಕು: ಆ ಪ್ರಯೋಗದಲ್ಲಿ ಹೊಸ ಚಿಕಿತ್ಸೆ ಪಡೆದವರಲ್ಲೂ ನಾಲ್ವರಲ್ಲಿ ಒಬ್ಬರು ಹತ್ತು ವಾರದೊಳಗೆ ತೀರಿಕೊಂಡರು. ತಡವಾಗಿ ಬಂದವರಿಗೆ ಒಳ್ಳೆಯ ಔಷಧಿ ಕೂಡ ಅಷ್ಟೇ ಮಾಡಬಲ್ಲದು.

ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಗುಳಿಗೆ ನುಂಗಿ ನುಂಗಿ ಬೇಸತ್ತು, ಇಲ್ಲವೇ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ನಡುವೆ ಬಿಟ್ಟವರು ಇರುತ್ತಾರೆ. ಅವರಿಗೆ ತಲೆನೋವು ಶುರುವಾದಾಗ ಗಾಬರಿಯಾಗಿ ಮನೆಯಲ್ಲಿ ಉಳಿದಿದ್ದ ಗುಳಿಗೆಯನ್ನು ತಾವೇ ಮತ್ತೆ ಶುರುಮಾಡುತ್ತಾರೆ. ಕೇಂದ್ರಕ್ಕೆ ಹೋದರೆ ಬೈಯುತ್ತಾರೆ ಎಂಬ ಅಂಜಿಕೆ. ಮೆದುಳಿನಲ್ಲಿ ಈ ಶಿಲೀಂಧ್ರ ಇರುವಾಗ ಎಆರ್‌ಟಿಯನ್ನು ಅವಸರದಿಂದ ಶುರುಮಾಡಿದರೆ ಸಾವು ಹೆಚ್ಚುತ್ತದೆ. ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೆರಡು ವಾರದಲ್ಲೇ ಎಆರ್‌ಟಿ ಕೊಟ್ಟವರಲ್ಲಿ ನೂರಕ್ಕೆ 45 ಮಂದಿ, ಸುಮಾರು ಐದು ವಾರ ತಡೆದು ಕೊಟ್ಟವರಲ್ಲಿ ನೂರಕ್ಕೆ 30 ಮಂದಿ ಆರು ತಿಂಗಳೊಳಗೆ ಸತ್ತರು. ಅದಕ್ಕೇ ಮೊದಲು ಶಿಲೀಂಧ್ರಕ್ಕೆ ಚಿಕಿತ್ಸೆ, ನಾಲ್ಕರಿಂದ ಆರು ವಾರದ ಮೇಲೆ ಎಆರ್‌ಟಿ. ಗುಳಿಗೆ ಬಿಟ್ಟಿದ್ದೀರಾ, ತಲೆನೋವು ಇದೆಯಾ? ಮನೆಯಲ್ಲಿ ನುಂಗಬೇಡಿ, ಅವತ್ತೇ ಕೇಂದ್ರಕ್ಕೆ ಬನ್ನಿ, "ಬಿಟ್ಟಿದ್ದೆ" ಎಂದು ಹೇಳಿ. ನನ್ನ ಸಹೋದ್ಯೋಗಿಗಳಿಗೂ ಇಲ್ಲಿಂದಲೇ ಕೈಮುಗಿದು ಕೇಳುತ್ತೇನೆ: ಬಿಟ್ಟು ಬಂದವರನ್ನು ಬೈಯಬೇಡಿ. ನಮ್ಮ ಒಂದು ಗಡುಸು ಮಾತಿಗೆ ಅಂಜಿ ಅವರು ಮನೆಯಲ್ಲೇ ಉಳಿದರೆ ಹೋಗುವುದು ಒಂದು ಜೀವ.

ಕ್ಷಯವೂ ಮೆದುಳಿನ ಪೊರೆಗೆ ಹತ್ತುತ್ತದೆ. ನಮ್ಮ ದೇಶದಲ್ಲಿ ಕ್ಷಯ ಬಹಳ. ಸಿಡಿ4 ಹೆಚ್ಚಿದ್ದವರಿಗೂ ಬರಬಹುದು. ಸಂಜೆ ಜ್ವರ, ತೂಕ ಇಳಿಯುವುದು, ಹಸಿವಿಲ್ಲದಿರುವುದು, ಜೊತೆಗೆ ವಾರಗಟ್ಟಲೆ ತಲೆನೋವು. ಚಿಕಿತ್ಸೆ ಒಂಬತ್ತು ತಿಂಗಳಿಂದ ಒಂದು ವರ್ಷ, ಉಚಿತ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಮೆದುಳಿನೊಳಗೆ ಗಂಟು ಕಟ್ಟುತ್ತದೆ. ತಲೆನೋವಿನ ಜೊತೆ ಒಂದು ಪಕ್ಕದ ಕೈಕಾಲು ಸೋಲುವುದು, ಫಿಟ್ಸ್ ಬರುವುದು ಅದರ ಗುರುತು. ಸಿಡಿ4 ಕಡಿಮೆ ಇದ್ದಾಗ ದಿನವೂ ನುಂಗಲು ಕೊಡುವ ಕೊಟ್ರೈಮಾಕ್ಸಜೋಲ್ ಗುಳಿಗೆ ಅದನ್ನು ತಡೆಯುತ್ತದೆ. "ಅದು ಬರೀ ನೆಗಡಿ ಗುಳಿಗೆ" ಎಂದು ಬಿಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಉಳಿಯುವ ಕಷ್ಟ ಒಂದೇ. ತಲೆನೋವಿಗೆ ಊರಿನ ಕ್ಲಿನಿಕ್ಕಿಗೆ ಹೋದವರು ಎಚ್‌ಐವಿ ಇದೆ ಎಂದು ಹೇಳುವುದಿಲ್ಲ. ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವುದಿಲ್ಲ. ಅವರು ತಲೆನೋವಿನ ಗುಳಿಗೆ ಬರೆದು ಕಳಿಸುತ್ತಾರೆ. ಹೇಳಲು ಅಂಜುವುದಕ್ಕೆ ಅವರನ್ನು ದೂರುವ ಹಕ್ಕು ನಮಗಿಲ್ಲ. ಹೇಳಿದ್ದಕ್ಕೆ ಹಾಸಿಗೆ ದೂರ ಹಾಕಿಸಿಕೊಂಡವರು, ಕೈಗೆ ಮುಟ್ಟದೆ ಚೀಟಿ ಎಸೆಸಿಕೊಂಡವರು ನನ್ನೆದುರು ಕೂತು ಅತ್ತಿದ್ದಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು, ಭೇದ ಮಾಡುವುದು, ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಇನ್ನೊಬ್ಬರಿಗೆ ಹೇಳುವುದು ಈ ಕಾಯ್ದೆಗೆ ವಿರುದ್ಧ. ಇದು ಸರ್ಕಾರಿ ಆಸ್ಪತ್ರೆಗೆ ಹೇಗೋ ಖಾಸಗಿ ನರ್ಸಿಂಗ್ ಹೋಮಿಗೂ ಹಾಗೇ.

ಕ್ಲಿನಿಕ್ಕಿನ ವೈದ್ಯಮಿತ್ರರೇ, ಎರಡು ವಾರ ದಾಟಿದ ತಲೆನೋವಿಗೆ, ತೂಕ ಇಳಿದವರ ತಲೆನೋವಿಗೆ, ಬಾಯಲ್ಲಿ ಬಿಳಿ ಅಗ್ರ ಕಂಡವರ ತಲೆನೋವಿಗೆ, ಪಕ್ಕದಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ ಎಚ್‌ಐವಿ ವಿಷಯ ಕೇಳಿ, ಪರೀಕ್ಷೆಗೆ ಕಳಿಸಿ. ಪರೀಕ್ಷೆ ಎಂದೂ ಮಾಡಿಸಿಕೊಳ್ಳದೆ ನೇರವಾಗಿ ಈ ತಲೆನೋವಿನೊಂದಿಗೇ ಬರುವವರು ಇಂದಿಗೂ ಇದ್ದಾರೆ.

ಮನೆಯವರಿಗೆ ಹೇಳುವುದಿಷ್ಟು. ಎಚ್‌ಐವಿ ಇರುವ ನಿಮ್ಮವರಿಗೆ ತಲೆನೋವಿನ ಜೊತೆ ಜ್ವರ, ನಿಲ್ಲದ ವಾಂತಿ, ಫಿಟ್ಸ್, ಎರಡಾಗಿ ಕಾಣುವುದು, ಕೈಕಾಲು ಸೋಲುವುದು, ಮಾತು ಅಥವಾ ನಡತೆ ಬದಲಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ಎಆರ್‌ಟಿ ಪುಸ್ತಕ ಜೊತೆಗಿರಲಿ, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ಜೊತೆಗಿರಲಿ, ನಾಟಿ ಔಷಧಿ ಕೊಟ್ಟಿದ್ದರೆ ಅದನ್ನೂ ಹೇಳಿ. ತುರ್ತು ಚಿಕಿತ್ಸೆಯ ವೈದ್ಯರನ್ನು ಪಕ್ಕಕ್ಕೆ ಕರೆದು, "ಇವರಿಗೆ ಎಚ್‌ಐವಿ ಇದೆ, ಸಿಡಿ4 ಇಷ್ಟು, ತಲೆನೋವು ಇಷ್ಟು ದಿನದಿಂದ" ಎಂದು ಮೂರು ಮಾತು ಹೇಳಿಬಿಡಿ. ಯಾವ ಕೇಂದ್ರ ಎಲ್ಲಿದೆ, ಏನು ಮಾಡಬೇಕು ಎಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ. ಹಣ ಕೊಡಬೇಕಾಗಿಲ್ಲ, ಹೆಸರು ಹೇಳಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.